‘ಗುರಿಕಾರ’ ಎಂಬ ಹೆಸರಿನ ಹಿನ್ನೆಲೆ

ನಮ್ಮ ಇಗರ್ಜಿಯ ನಿತ್ಯವ್ಯವಹಾರದಲ್ಲಿ ನಾವು ಬಳಸುವ ಮಾತುಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ, ಅವುಗಳಲ್ಲಿ ಬಹುಪಾಲು ಕಡಲು ದಾಟಿ ಬಂದವುಗಳೆಂದು ತಿಳಿದುಬರುತ್ತದೆ. ‘ಇಗರ್ಜಿ’ ಪೋರ್ತುಗೀಸರದು, ‘ಪಾದ್ರಿ’, ‘ವಿಗಾರ್’, ‘ಆಲ್ತಾರ್’, ‘ಖುರಿಸ್’, ‘ಫೆಸ್ತ್’, ‘ನತಾಲ್’ ಇವೆಲ್ಲವೂ ಅವರವೇ. ಹಬ್ಬದ ದಿನ ಮೆರವಣಿಗೆಯಲ್ಲಿ ಸಾಲುಗಟ್ಟಿ ನಡೆಯುವ ‘ಕೊಂಫ್ರಾರಿ’ಯೂ ಆ ನುಡಿಯದೇ. ಇಷ್ಟೊಂದು ಪರದೇಶದ ಮಾತುಗಳ ನಡುವೆ ಈ ನೆಲದ ಮಾತೊಂದು ತಲೆಮಾರುಗಳಿಂದ ಗೌರವದ ಸ್ಥಾನದಲ್ಲಿ ಕುಳಿತಿದೆ. ಅದೇ ‘ಗುರ್ಕಾರ್’. ಕನ್ನಡದಲ್ಲಿ ಬರೆಯುವಾಗ ನಾವು ‘ಗುರಿಕಾರ’ ಎನ್ನುತ್ತೇವೆ. ವಾಳೆಯ ಮುಖ್ಯಸ್ಥನಿಗೆ ಸಲ್ಲುವ ಈ ಹೆಸರು ಕೆಲವೆಡೆ ಮನೆತನದ ಹೆಸರೇ ಆಗಿ ನಿಂತಿದೆ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಗೋಪುರ, ಘಂಟೆ, ಪೀಠಗಳ ಚರಿತ್ರೆಯನ್ನು ಬರೆಯುವವರು ಬೇರೆ ಇದ್ದಾರೆ. ನಾವು ಈ ಒಂದು ಮಾತಿನ ಚರಿತ್ರೆಯನ್ನಷ್ಟೇ ವಾಚಕರ ಮುಂದಿಡಲು ಬಯಸುತ್ತೇವೆ.

ಮೊದಲು ಮಾತಿನ ಅರ್ಥವನ್ನು ನೋಡೋಣ. ‘ಗುರಿ’ ಎಂದರೆ ಲಕ್ಷ್ಯ. ಅದಕ್ಕೆ ‘ಕಾರ’ ಪ್ರತ್ಯಯ ಸೇರಿದಾಗ ಗುರಿಯಿಟ್ಟು ಹೊಡೆಯುವವನು, ಬಿಲ್ಲುಗಾರ ಎಂಬ ಅರ್ಥ ದೊರೆಯುತ್ತದೆ. ಆದರೆ ಕನ್ನಡದಲ್ಲಿ ಈ ಮಾತಿಗೆ ಇನ್ನೊಂದು ಅರ್ಥವೂ ಇದೆ: ಒಂದು ಗುಂಪಿನ ಮುಖ್ಯಸ್ಥ, ಯಜಮಾನ. ಓಲೆಕಾರ ಓಲೆಯನ್ನು ಒಯ್ಯುವವನು, ಹರಿಕಾರ ಸುದ್ದಿಯನ್ನು ತರುವವನು. ಹಾಗೆಯೇ ಗುರಿಕಾರ ತನ್ನವರನ್ನು ಮುಂದಿನ ಗುರಿಯತ್ತ ನಡೆಸುವವನು. ನಮ್ಮ ಕೊಂಕಣಿ ನಾಲಗೆ ನಡುವಿನ ಇಕಾರವನ್ನು ನುಂಗಿ, ಕೊನೆಯ ಅಕಾರವನ್ನೂ ಬಿಟ್ಟು ಅದನ್ನು ‘ಗುರ್ಕಾರ್’ ಮಾಡಿತು.

ಇಲ್ಲಿ ಒಂದು ಜನಪ್ರಿಯ ವಿವರಣೆಯನ್ನು ಪ್ರಸ್ತಾಪಿಸದೆ ಮುಂದೆ ಹೋಗುವಂತಿಲ್ಲ. ಗುರ್ಕಾರ್ ಎಂದರೆ ‘ಗುರುವಿನ ಕಾರ್ಯಸ್ಥ’, ಅಂದರೆ ವಿಗಾರರ ಕೈಯಾಳು ಎಂದು ಹೇಳುವವರು ನಮ್ಮಲ್ಲಿ ಅನೇಕರಿದ್ದಾರೆ. ಕೇಳಲು ಇದು ಚೆನ್ನಾಗಿಯೇ ಇದೆ. ಗುರುಗಳ ಮಾತನ್ನು ವಾಳೆಗೆ ತಲುಪಿಸುವವನು ಗುರ್ಕಾರ್ ತಾನೇ? ಆದರೆ ಈ ವಿವರಣೆ ನಿಲ್ಲುವುದಿಲ್ಲ. ಮೂಲ ಮಾತಿನಲ್ಲಿರುವುದು ‘ಗುರಿ’ಯೇ ಹೊರತು ‘ಗುರು’ವಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಈ ಮಾತು ನಮ್ಮೊಬ್ಬರ ಸೊತ್ತಲ್ಲ. ತುಳುನಾಡಿನ ಮೊಗವೀರರ ಪಟ್ಟಣಗಳಲ್ಲಿ ಗುರಿಕಾರರಿದ್ದಾರೆ. ಬಿಲ್ಲವ ಸಮಾಜದಲ್ಲಿ ಗುರಿಕಾರರಿದ್ದಾರೆ. ಹವ್ಯಕ ಬ್ರಾಹ್ಮಣರಲ್ಲಿ ಮಠದ ವ್ಯವಸ್ಥೆಯೊಳಗೆ ‘ಗುರಿಕ್ಕಾರ’ರಿದ್ದಾರೆ. ಮೈಸೂರು ಅರಮನೆಯ ಊಳಿಗದವರಲ್ಲಿಯೂ ಗುರಿಕಾರರೆಂಬ ಹುದ್ದೆಯವರಿದ್ದರು. ಕಡಲಿಗೆ ಬಲೆ ಬೀಸುವವರ ಮುಖಂಡನಿಗೂ ಅರಮನೆಯ ಊಳಿಗದ ಮುಖಂಡನಿಗೂ ಪಾದ್ರಿಗಳಿಗೂ ಏನು ಸಂಬಂಧ? ಆದುದರಿಂದ ಇದು ನಮ್ಮ ಹಿರಿಯರು ನೆರೆಹೊರೆಯವರಿಂದ ಪಡೆದುಕೊಂಡ ಮಾತೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಏಕೆ ಪಡೆದುಕೊಂಡರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನಮ್ಮ ಪೂರ್ವಿಕರು ಗೋವೆಯ ತಿಸ್ವಾಡಿ, ಬಾರ್ದೇಸ್, ಸಾಷ್ಟಿ ತಾಲೂಕುಗಳನ್ನು ಬಿಟ್ಟು ಕನ್ನಡ ಕರಾವಳಿಗೆ ಬಂದರು. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್ ನ್ಯಾಯಾಲಯದ ಭಯ, ಬರಗಾಲ, ತೆರಿಗೆಯ ಭಾರ, ಮುಂದೆ ಮರಾಠರ ದಾಳಿಗಳು ಹೀಗೆ ಕಾರಣಗಳು ಹಲವು. ಅವರು ಬಿಟ್ಟು ಬಂದ ಹಳ್ಳಿಗಳಲ್ಲಿ ಮುಂದಾಳಿಗೆ ಒಂದು ಹೆಸರಿತ್ತು: ‘ಗಾಂವ್ಕಾರ್’. ಗೋವೆಯ ಗ್ರಾಮಸಂಸ್ಥೆಗಳಲ್ಲಿ ಹಳ್ಳಿಯ ಭೂಮಿ ಗಾಂವ್ಕಾರರ ಒಟ್ಟುಸೊತ್ತು. ಆ ಹಕ್ಕು ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಪೋರ್ತುಗೀಸರು ಸಹ ಇದನ್ನು ಅಳಿಸಲಿಲ್ಲ. 1526ರ ಶಾಸನಪತ್ರದಲ್ಲಿ ಈ ಹಳೆಯ ಕಟ್ಟಳೆಗಳನ್ನು ಬರಹಕ್ಕಿಳಿಸಿ ಮಾನ್ಯ ಮಾಡಿದರು. ಮತಾಂತರವಾದ ಬಳಿಕವೂ ಗಾಂವ್ಕಾರ ಗಾಂವ್ಕಾರನಾಗಿಯೇ ಉಳಿದ. ಆದರೆ ಕನ್ನಡ ನಾಡಿಗೆ ಬಂದವನು ಯಾವ ಗ್ರಾಮದ ಗಾಂವ್ಕಾರ? ಇಲ್ಲಿನ ಭೂಮಿ ಬೇರೆಯವರದು, ಅರಸು ಬೇರೆ, ಹಳ್ಳಿಯ ಕಟ್ಟುಪಾಡು ಬೇರೆ. ಕೆಳದಿಯ ನಾಯಕರ ಆಳ್ವಿಕೆಯಲ್ಲಿ ಅವನು ಕಾಡು ಕಡಿದು ಗದ್ದೆ ಮಾಡಿಕೊಂಡ ಒಬ್ಬ ಒಕ್ಕಲು. ಹುಟ್ಟಿನಿಂದ ಬಂದ ಹಳೆಯ ಹಿರಿತನಕ್ಕೆ ಇಲ್ಲಿ ಬೆಲೆಯಿರಲಿಲ್ಲ. ಆದರೂ ಹತ್ತು ಮನೆಗಳು ಒಂದೆಡೆ ನೆಲೆಸಿದಲ್ಲಿ ಒಬ್ಬ ಹಿರಿಯ ಬೇಕಲ್ಲವೆ? ನೆರೆಯ ಸಮಾಜಗಳಲ್ಲಿ ಅಂತಹವನನ್ನು ಗುರಿಕಾರನೆಂದು ಕರೆಯುತ್ತಿದ್ದರು. ನಮ್ಮವರೂ ಹಾಗೆಯೇ ಕರೆದರು. ಗಾಂವ್ಕಾರ ಭೂಮಿಯಿಂದ ದೊಡ್ಡವನು, ಗುರಿಕಾರ ಜನರು ಒಪ್ಪಿದುದರಿಂದ ದೊಡ್ಡವನು. ಈ ಎರಡು ಮಾತುಗಳ ಅಂತರದಲ್ಲಿ ನಮ್ಮ ವಲಸೆಯ ಕಥೆಯೇ ಅಡಗಿದೆಯೆಂದು ನಾವು ಭಾವಿಸುತ್ತೇವೆ.

ಹೆಸರುಗಳ ವಿಷಯ ಬಂದಾಗ ನಮ್ಮ ಕುಲನಾಮಗಳನ್ನೂ ಸ್ವಲ್ಪ ಗಮನಿಸಬೇಕು. ಜ್ಞಾನಸ್ನಾನದ ಸಮಯದಲ್ಲಿ ಜ್ಞಾನಪಿತನ ಅಥವಾ ಗುರುಗಳ ಹೆಸರನ್ನು ಪಡೆದುದರಿಂದ ನಾವು ಪೋರ್ತುಗೀಸ್ ಹೆಸರಿನವರಾದೆವು. ಆದರೆ ಪ್ರಭು, ಕಾಮತ್, ನಾಯಕ್, ಪೈ, ಶೇಟ್, ಶೆಣೈ ಎಂಬ ಹಳೆಯ ಹೆಸರುಗಳನ್ನು ಮನೆಮನೆಗಳಲ್ಲಿ ಮರೆಯದೆ ಉಳಿಸಿಕೊಂಡು ಬಂದಿದ್ದಾರೆ. ಮದುವೆಯ ಮಾತುಕತೆಯಲ್ಲಿ ಅವು ಈಗಲೂ ಒಮ್ಮೊಮ್ಮೆ ತಲೆಯೆತ್ತುವುದುಂಟು. ಇವುಗಳಲ್ಲಿ ಕೆಲವು ಉದ್ಯೋಗವನ್ನೇ ಹೇಳುತ್ತವೆ. ಕಾಮತ್ ಎಂಬಲ್ಲಿ ‘ಕಮತ’, ಅಂದರೆ ಬೇಸಾಯ, ಕೇಳಿಬರುತ್ತದೆ. ಶೇಟ್ ಎಂದರೆ ವ್ಯಾಪಾರಿ, ಶ್ರೇಷ್ಠಿ. ನಾಯಕ್ ಎಂದರೆ ತಂಡದ ಮುಂದಾಳು. ಪೋರ್ತುಗೀಸ್ ಹೆಸರುಗಳೂ ಇದಕ್ಕೆ ಹೊರತಲ್ಲ. ಮೊಂತೇರೊ ಎಂದರೆ ಆ ದೇಶದಲ್ಲಿ ಬೆಟ್ಟಕಾಡುಗಳ ಬೇಟೆಗಾರ, ಅರಸನ ಕಾಡಿನ ಕಾವಲಿನವನು. ಫೆರೇರಾ ಎಂಬುದರಲ್ಲಿ ಕಬ್ಬಿಣದ ಮಾತಿದೆ. ಮಚಾದೊ ಎಂದರೆ ಕೊಡಲಿ. ನಮ್ಮ ಮೊಂತೇರೊಗಳು ಹಂದಿಯ ಬೇಟೆಗೆ ಹೋದದ್ದು ಆ ಹೆಸರಿನ ಕಾರಣದಿಂದಲ್ಲ ಎಂಬುದು ಎಲ್ಲರಿಗೂ ಗೊತ್ತು! ಉದ್ಯೋಗ ಸತ್ತ ಮೇಲೆಯೂ ಹೆಸರು ಬದುಕುತ್ತದೆ. ಬದುಕುತ್ತ ಹೋದಂತೆ ತನ್ನ ಅರ್ಥವನ್ನು ಮರೆಯುತ್ತದೆ.

ಕನ್ನಡ ನಾಡಿನ ಉತ್ತರ ಭಾಗದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಪಾಟೀಲ, ಕುಲಕರ್ಣಿ, ದೇಸಾಯಿ, ತಳವಾರ, ಬಡಿಗೇರ, ಕಂಬಾರ ಮೊದಲಾದ ಉದ್ಯೋಗನಾಮಗಳೇ ಮನೆತನದ ಹೆಸರುಗಳು. ‘ಗುರಿಕಾರ’ ಎಂಬುದೂ ಧಾರವಾಡದ ಕಡೆ ಇಂತಹ ಒಂದು ಅಡ್ಡಹೆಸರು. ಅಲ್ಲಿ ಗುರಿಕಾರ ಎಂಬವನು ಶಾಲೆಯ ಉಪಾಧ್ಯಾಯನೂ ಆಗಿರಬಹುದು, ಅಂಗಡಿಯವನೂ ಆಗಿರಬಹುದು; ಹಿಂದೆ ಯಾವುದೋ ತಲೆಮಾರಿನಲ್ಲಿ ಅವನ ಮನೆಯವರು ಯಾರಿಗೋ ಮುಖಂಡರಾಗಿದ್ದರು ಎಂಬುದಷ್ಟೇ ಆ ಹೆಸರಿನಿಂದ ತಿಳಿಯುವುದು. ಪಟೇಲ, ಶಾನುಭೋಗ, ತಳವಾರಿಕೆ ಮುಂತಾದ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ಸರಕಾರವು 1961ರ ಕಾಯಿದೆಯಿಂದ ರದ್ದುಪಡಿಸಿತು. ಅದು 1963ರಲ್ಲಿ ಜಾರಿಗೆ ಬಂತು. ಅಧಿಕಾರ ಹೋಯಿತು, ಹೆಸರು ಹೋಗಲಿಲ್ಲ. ಇಂದಿಗೂ ಹಳ್ಳಿಗಳಲ್ಲಿ ಪಟೇಲರ ಮನೆ, ಶಾನುಭೋಗರ ಮನೆ ಎಂದರೆ ದಾರಿ ತೋರಿಸುತ್ತಾರೆ.

ನಮ್ಮ ಗುರಿಕಾರನ ಸ್ಥಿತಿ ಇದಕ್ಕಿಂತ ಬೇರೆ. ಅವನನ್ನು ಸರಕಾರ ನೇಮಿಸಲಿಲ್ಲ. ಆದುದರಿಂದ ಸರಕಾರ ತೆಗೆಯಲೂ ಇಲ್ಲ. ಅವನಿಗೆ ಸಂಬಳವಿರಲಿಲ್ಲ, ಉಂಬಳಿಯಿರಲಿಲ್ಲ. ಅವನು ಮಾಡುತ್ತಿದ್ದುದೇನು? ಇಂದಿನ ತರುಣರಿಗೆ ಇದನ್ನು ವಿವರಿಸಿಯೇ ಹೇಳಬೇಕಾಗಿದೆ. ವಾಳೆಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಸುದ್ದಿ ಮುಟ್ಟುವುದು ಅವನ ಮನೆಗೆ. ಇಗರ್ಜಿಗೆ ಆಳು ಕಳುಹಿಸುವುದು, ಗುಂಡಿ ತೋಡಿಸುವುದು, ಪೆಟ್ಟಿಗೆ ಮಾಡಿಸುವುದು, ಹೊರಲು ನಾಲ್ವರನ್ನು ಒದಗಿಸುವುದು ಅವನ ಹೊಣೆ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಹೆಣವನ್ನು ದಾಟಿಸುವುದು ಸುಲಭದ ಕೆಲಸವಾಗಿರಲಿಲ್ಲ. ರೋಗಿಗೆ ಅಂತ್ಯಾಭ್ಯಂಗ ಬೇಕಾದಾಗ ರಾತ್ರಿಯಲ್ಲಿ ಸೂಟೆ ಹಿಡಿದು ಪಾದ್ರಿಗಳನ್ನು ಕರೆತರುವ ವ್ಯವಸ್ಥೆಯೂ ಅವನದೇ. ಮದುವೆ ಗೊತ್ತಾದರೆ ಅವನಿಗೆ ತಿಳಿಸಬೇಕು. ಗಂಡಿನ ಅಥವಾ ಹೆಣ್ಣಿನ ವಿಷಯದಲ್ಲಿ ಅಡ್ಡಿಯೇನಾದರೂ ಉಂಟೆ ಎಂದು ವಿಗಾರರು ವಿಚಾರಿಸುವುದೂ ಅವನನ್ನೇ. ರೋಸಿನ ದಿನ ಚಪ್ಪರದಲ್ಲಿ ಪ್ರಾರ್ಥನೆಗೆ ಮುಂದಾಗುವವನು ಅವನು. ಇಗರ್ಜಿಯ ವಂತಿಗೆಯನ್ನು ಮನೆಮನೆಗೆ ಹೋಗಿ ಎತ್ತಬೇಕು. ಹಣವಿಲ್ಲದ ಕಾಲದಲ್ಲಿ ಅದು ಭತ್ತವಾಗಿ, ತೆಂಗಿನಕಾಯಾಗಿ ಬರುತ್ತಿತ್ತು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ಇಗರ್ಜಿಗೆ ತಲುಪಿತೇ ಎಂದು ನೋಡಿಕೊಳ್ಳಬೇಕು. ಬೇಲಿಯ ಜಗಳ, ನೀರಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ ಕೋರ್ಟಿನ ಮೆಟ್ಟಲು ಹತ್ತುವ ಮುನ್ನ ಅವನ ಜಗಲಿಯನ್ನು ಹತ್ತುತ್ತಿದ್ದವು. ಪಾಸ್ಕದ ಕಾಲದಲ್ಲಿ ಪಾಪನಿವೇದನೆಗೆ ಹೋಗದವನನ್ನು ಗದರಿಸುವ ಅಧಿಕಾರವೂ ಅವನಿಗಿತ್ತು. ಮಕ್ಕಳು ಅವನನ್ನು ಕಂಡರೆ ಗೇರುಮರದಿಂದ ಇಳಿದು ಓಡುತ್ತಿದ್ದರೆಂಬುದನ್ನು ಹಿರಿಯರು ಈಗಲೂ ನಗುತ್ತ ನೆನೆಯುತ್ತಾರೆ.

ಗೃಹಸ್ಥರ ಇಂತಹ ಮುಂದಾಳುತನ ಎಷ್ಟು ಬೆಲೆಯುಳ್ಳದ್ದೆಂಬುದು ನಮ್ಮ ಸಮುದಾಯಕ್ಕೆ ಕಷ್ಟದಿಂದಲೇ ತಿಳಿದಿದೆ. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಇಗರ್ಜಿಗಳು ನೆಲಸಮವಾದವು, ಧರ್ಮಗುರುಗಳು ಗಡೀಪಾರಾದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬೀಳುವ ತನಕ ಹದಿನೈದು ವರ್ಷಗಳ ಕಾಲ ನಮ್ಮವರು ಆ ಬಂಧನದಲ್ಲಿದ್ದರು. ಬಲಿಪೂಜೆಯಿಲ್ಲದ, ಗುರುಗಳಿಲ್ಲದ ಆ ವರ್ಷಗಳಲ್ಲಿ ಮಕ್ಕಳಿಗೆ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿಸಲು ತಂದೆತಾಯಂದಿರನ್ನು, ಮನೆಯ ಹಿರಿಯರನ್ನು ಬಿಟ್ಟರೆ ಬೇರೆ ಯಾರಿದ್ದರು? ಅಪಾಯದ ಹೊತ್ತಿನಲ್ಲಿ ಯಾವ ಗೃಹಸ್ಥನೂ ಜ್ಞಾನಸ್ನಾನ ಕೊಡಬಹುದೆಂಬ ಧರ್ಮಸಭೆಯ ನಿಯಮ ಅಲ್ಲಿ ಜೀವಂತವಾಗಿ ಬಳಕೆಗೆ ಬರಬೇಕಾಯಿತು. ಬಿಡುಗಡೆಯಾಗಿ ಬಂದವರು ಕಾಡು ಬೆಳೆದ ಜಾಗದಲ್ಲಿ ಮತ್ತೆ ಇಗರ್ಜಿಗಳನ್ನು ಕಟ್ಟಿದರು. ಒಂದು ಇಗರ್ಜಿಗೆ ಹತ್ತಾರು ಮೈಲಿಗಳ ಸೀಮೆ, ಒಬ್ಬರೇ ಪಾದ್ರಿ. ಅಂತಹ ಸೀಮೆಯನ್ನು ವಾಳೆಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಗುರಿಕಾರನನ್ನು ಇಡದೆ ಕೆಲಸ ಸಾಗುವಂತಿರಲಿಲ್ಲ.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಮುಖವನ್ನು ಮುಚ್ಚಿಡುವುದು ನ್ಯಾಯವಲ್ಲ. ಉತ್ಸವದ ಸಂಚಿಕೆಯೆಂದ ಮಾತ್ರಕ್ಕೆ ಚರಿತ್ರೆಯೆಲ್ಲವನ್ನೂ ಹೂಮಾಲೆಯಾಗಿ ಕಟ್ಟಬೇಕಾಗಿಲ್ಲ. ಗುರಿಕಾರನನ್ನು ಒಳ್ಳೆಯ ನಡತೆಯವನೆಂದು ಆರಿಸುವುದು ಪದ್ಧತಿ. ಆದರೆ ವಾಸ್ತವದಲ್ಲಿ ಆ ಪದವಿ ಬಹುಮಟ್ಟಿಗೆ ಅನುಕೂಲಸ್ಥರ ಮನೆಯಲ್ಲಿಯೇ ಉಳಿಯಿತು. ಬಂದವರಿಗೆ ಊಟವಿಕ್ಕುವ, ಓಡಾಡಲು ಬಿಡುವಿರುವ ಮನೆ ಅದಾಗಿತ್ತು ಎಂಬುದು ಒಂದು ಕಾರಣ. ತಂದೆಯ ಬಳಿಕ ಮಗ ಕುಳಿತ, ಮಗನ ಬಳಿಕ ಮೊಮ್ಮಗ. ಹೀಗೆ ಆರಿಸಿದ ಪದವಿ ಹುಟ್ಟಿನ ಪದವಿಯಾಯಿತು. ಆ ಮನೆಗೆ ‘ಗುರ್ಕಾರಾಗೆರ್’ ಎಂಬ ಹೆಸರು ಬಿತ್ತು. ಅಲ್ಲಿ ಹುಟ್ಟಿದ ಮಗು ತೊಟ್ಟಿಲಲ್ಲಿರುವಾಗಲೇ ಗುರ್ಕಾರರ ಮಗುವಾಯಿತು. ಗಾಂವ್ಕಾರಿಕೆಯನ್ನು ಗೋವೆಯಲ್ಲಿ ಬಿಟ್ಟು ಬಂದವರು ಅದನ್ನು ಬೇರೊಂದು ಹೆಸರಿನಲ್ಲಿ ಇಲ್ಲಿ ಮತ್ತೆ ಕಟ್ಟಿಕೊಂಡರೆಂದರೆ ತಪ್ಪಾಗಲಾರದು.

ಇದರಲ್ಲಿ ಅತ್ಯಂತ ನೋವಿನ ಸಂಗತಿ ಗೇಣಿಯದು. ಎಷ್ಟೋ ಕಡೆ ಗುರಿಕಾರನೇ ಧಣಿ, ವಾಳೆಯ ಇತರರು ಅವನ ಚಾಲಗೇಣಿಯ ಒಕ್ಕಲುಗಳು. ವರ್ಷದ ಕೊನೆಗೆ ಒಕ್ಕಲೆಬ್ಬಿಸಬಲ್ಲ ಧಣಿಯ ಮುಂದೆ ಒಕ್ಕಲು ಯಾವ ಬಾಯಿಯಿಂದ ನ್ಯಾಯ ಕೇಳಬೇಕು? ಗುರಿಕಾರನಾಗಿ ಅವನು ಹೇಳಿದ ತೀರ್ಪನ್ನು ಧಣಿಯ ಭಯದಿಂದ ಒಪ್ಪಿಕೊಂಡವರುಂಟು. ಮೆರವಣಿಗೆಯಲ್ಲಿ ಯಾರು ಮುಂದೆ, ಇಗರ್ಜಿಯಲ್ಲಿ ಯಾರ ಬೆಂಚು ಎಲ್ಲಿ ಎಂಬ ಮಾನಮರ್ಯಾದೆಯ ತಕರಾರುಗಳಿಂದ ಹಬ್ಬಗಳೇ ಕೆಟ್ಟ ಪ್ರಸಂಗಗಳೂ ನಮ್ಮ ಸೀಮೆಯಲ್ಲಿ ನಡೆದಿವೆ. ಎಲ್ಲ ಗುರಿಕಾರರೂ ಹೀಗಿದ್ದರೆಂದಲ್ಲ. ಒಕ್ಕಲಿನ ಮಗಳ ಮದುವೆಗೆ ತನ್ನ ಕಣಜದಿಂದ ಅಕ್ಕಿ ಅಳೆದುಕೊಟ್ಟವರೂ ಅವರಲ್ಲಿದ್ದರು. ಆದರೆ ಪದವಿಯ ಗುಣ ಮನುಷ್ಯನ ಗುಣಕ್ಕೆ ಜೋತುಬಿದ್ದಿತ್ತು ಎಂಬುದೇ ಅದರ ದೌರ್ಬಲ್ಯ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಗೇಣಿಪದ್ಧತಿಯನ್ನು ಕೊನೆಗೊಳಿಸಿತು. ದಕ್ಷಿಣ ಕನ್ನಡದಲ್ಲಿ ಅದರ ಪರಿಣಾಮ ಎಷ್ಟೆಂಬುದನ್ನು ಕಣ್ಣಾರೆ ಕಂಡವರಿಗೆ ಹೇಳಬೇಕಾಗಿಲ್ಲ. ಉಳುವವನು ಒಡೆಯನಾದ, ಧಣಿಯ ಜಗಲಿ ಬರಿದಾಯಿತು. ಕಾಯಿದೆಯಲ್ಲಿ ಗುರಿಕಾರ ಎಂಬ ಮಾತೇ ಇಲ್ಲ. ಆದರೂ ಹಳೆಯ ಗುರಿಕಾರಿಕೆಯ ಬೇರು ಸಡಿಲವಾದದ್ದು ಅದರಿಂದಲೇ ಎಂದು ನಮ್ಮ ಅಭಿಪ್ರಾಯ. ಅದಕ್ಕೂ ಮೊದಲೇ ಮುಂಬಯಿಯ ದಾರಿ ತೆರೆದಿತ್ತು, ಆಮೇಲೆ ಕೊಲ್ಲಿ ದೇಶಗಳ ದಾರಿ ತೆರೆಯಿತು. ತಿಂಗಳು ತಿಂಗಳು ಮನಿಯಾರ್ಡರು ಬರುವ ಮನೆಯವನು ಯಾರಿಗೆ ಅಂಜಿಯಾನು?

ಅದೇ ಕಾಲದಲ್ಲಿ ಧರ್ಮಸಭೆಯೊಳಗೂ ಹೊಸ ಗಾಳಿ ಬೀಸಿತು. 1962ರಿಂದ 1965ರ ವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಗೃಹಸ್ಥರ ಪ್ರೇಷಿತ ಕಾರ್ಯದ ಬಗ್ಗೆ ಪ್ರತ್ಯೇಕ ಸುಗ್ರೀವಾಜ್ಞೆಯನ್ನೇ ಹೊರಡಿಸಿತು. 1983ರ ಧರ್ಮಸಭಾ ಶಾಸನಸಂಹಿತೆಯು ಧರ್ಮಕೇಂದ್ರದ ಪಾಲನಾ ಮಂಡಳಿಗೆ ಅವಕಾಶ ಕೊಟ್ಟು, ಹಣಕಾಸಿನ ಸಮಿತಿಯನ್ನು ಕಡ್ಡಾಯ ಮಾಡಿತು. ಇಲ್ಲಿ ನಮಗೆ ಒಂದು ವಿಶೇಷ ಕಾಣುತ್ತದೆ. ಹೊಸ ವ್ಯವಸ್ಥೆ ಬಂದಾಗ ಹಳೆಯ ಹೆಸರನ್ನು ಕಿತ್ತು ಎಸೆದು ‘ಅಧ್ಯಕ್ಷ’, ‘ಪ್ರತಿನಿಧಿ’ ಎಂದು ಹೊಸ ಹೆಸರಿಡಬಹುದಾಗಿತ್ತು. ನಮ್ಮ ಧರ್ಮಪ್ರಾಂತ್ಯದಲ್ಲಿ ಹಾಗಾಗಲಿಲ್ಲ. ವಾಳೆಯವರು ಸೇರಿ ಆರಿಸುವ, ಅವಧಿ ಮುಗಿದೊಡನೆ ಇಳಿಯುವ, ಪಾಲನಾ ಮಂಡಳಿಯಲ್ಲಿ ಕುಳಿತುಕೊಳ್ಳುವ ಮುಂದಾಳಿಗೂ ಗುರ್ಕಾರ್ ಎಂಬ ಹೆಸರೇ ಉಳಿಯಿತು. ಹೀಗಾಗಿ ಇಂದು ಒಂದೇ ವಾಳೆಯಲ್ಲಿ ಇಬ್ಬರು ಗುರ್ಕಾರರಿರುವುದು ಸಾಧ್ಯ: ಒಬ್ಬ ಮನೆಯ ಹೆಸರಿನಿಂದ ಗುರ್ಕಾರ್, ಇನ್ನೊಬ್ಬ ಕೆಲಸದಿಂದ ಗುರ್ಕಾರ್. ಹೊಸ ಗುರ್ಕಾರ್ ಹಿಂದಿನ ಒಕ್ಕಲಿನ ಮೊಮ್ಮಗನಾಗಿರುವುದೂ ಅಪರೂಪವಲ್ಲ. ವಂತಿಗೆಯ ಪುಸ್ತಕ ಹಿಡಿದು ಅವನು ‘ಗುರ್ಕಾರಾಗೆರ್’ ಮೆಟ್ಟಲು ಹತ್ತುವಾಗ ಎರಡೂ ಕಡೆಯವರಿಗೆ ಏನನ್ನಿಸುತ್ತದೆಂಬುದನ್ನು ವಾಚಕರೇ ಊಹಿಸಲಿ.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ತ್ರೆಂತ್ ಮಹಾಸಭೆಯ ಕಾಲದಿಂದ, ಅಂದರೆ ಹದಿನಾರನೆಯ ಶತಮಾನದಿಂದ, ಧರ್ಮಕೇಂದ್ರಗಳಲ್ಲಿ ಜ್ಞಾನಸ್ನಾನ, ವಿವಾಹಗಳ ದಫ್ತರಗಳನ್ನು ಇಡುವ ಕಟ್ಟಳೆಯಿದೆ. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನಪಿತ ಜ್ಞಾನಮಾತೆಯರ ಹೆಸರು, ಗುರುಗಳ ಸಹಿ ಎಲ್ಲಕ್ಕೂ ಅಲ್ಲಿ ಮನೆಯುಂಟು. ಗುರಿಕಾರನಿಗೆ ಮನೆಯಿಲ್ಲ. ಆ ಮಗುವಿನ ತಂದೆತಾಯಿಯರ ಮದುವೆಗೆ ಓಡಾಡಿದವನು, ಅದರ ಅಜ್ಜನ ಹೆಣಕ್ಕೆ ಹೆಗಲು ಕೊಟ್ಟವನು ಸ್ವತಃ ಹುಟ್ಟಿದಾಗ, ಮದುವೆಯಾದಾಗ, ಸತ್ತಾಗ ಮಾತ್ರ ದಫ್ತರದಲ್ಲಿ ಕಾಣಿಸಿಕೊಳ್ಳುತ್ತಾನೆ. ಇಗರ್ಜಿಯ ವಿಗಾರರ ಹೆಸರುಗಳನ್ನು ಅಮೃತಶಿಲೆಯಲ್ಲಿ ಕೊರೆದು ಗೋಡೆಗೆ ಹಾಕುತ್ತೇವೆ, ಅದು ಯೋಗ್ಯವೇ. ವಾಳೆಗಳ ಹಿಂದಿನ ಗುರಿಕಾರರ ಪಟ್ಟಿ ಮಾತ್ರ ಹಿರಿಯರ ನೆನಪಿನಲ್ಲಿ ಅಷ್ಟೆ ಇದೆ, ಮತ್ತು ಆ ಹಿರಿಯರಿಗೆ ವಯಸ್ಸಾಗುತ್ತಿದೆ. ತಮ್ಮ ವಾಳೆಯ ಹೆಸರುಗಳನ್ನು ಬಲ್ಲವರು, ಧಣಿಯಾಗಿದ್ದವರನ್ನೂ ಬಡವರಾಗಿದ್ದವರನ್ನೂ ಬಿಡದೆ, ಒಂದು ಕಾಗದದಲ್ಲಿ ಬರೆದು ವಿಗಾರರ ಕಚೇರಿಗೆ ಕೊಟ್ಟರೆ ಉಪಕಾರವಾದೀತು.

ಕೊನೆಯದಾಗಿ ವ್ಯಾಕರಣದ ಒಂದು ಸಣ್ಣ ವಿಷಯ. ಕೊಂಕಣಿಯಲ್ಲಿ ‘ಘರ್ಕಾರ್’ ಎಂದರೆ ಮನೆಯೊಡೆಯ, ‘ಘರ್ಕಾರ್ನ್’ ಎಂದರೆ ಅವನ ಹೆಂಡತಿ. ಹಾಗೆಯೇ ‘ಗುರ್ಕಾರ್ನ್’ ಎಂದರೆ ಗುರ್ಕಾರನ ಹೆಂಡತಿ ಎಂಬುದೇ ಹಿಂದಿನ ಅರ್ಥ. ಬಂದವರಿಗೆ ಗಂಜಿ ಬಡಿಸಿದವಳು, ಗಂಡ ಇಲ್ಲದಾಗ ಸುದ್ದಿಯನ್ನು ಕೇಳಿಟ್ಟುಕೊಂಡವಳು, ಹೆಣ್ಣುಮಕ್ಕಳ ಕಷ್ಟಸುಖವನ್ನು ವಿಚಾರಿಸಿದವಳು ಅವಳು. ಈಗ ಅನೇಕ ವಾಳೆಗಳಲ್ಲಿ ಮಹಿಳೆಯರೇ ಗುರ್ಕಾರರಾಗಿ ಆಯ್ಕೆಯಾಗುತ್ತಿದ್ದಾರೆ. ಅವರನ್ನು ಕೆಲವರು ಗುರ್ಕಾರ್ ಎಂದೇ ಕರೆಯುತ್ತಾರೆ, ಕೆಲವರು ಗುರ್ಕಾರ್ನ್ ಎನ್ನುತ್ತಾರೆ. ಎರಡನೆಯದು ಭಾಷೆಯ ದೃಷ್ಟಿಯಿಂದ ಸರಿಯಾಗಿಯೇ ಇದೆ. ಆದರೆ ಗುರ್ಕಾರ್ನಿಯ ಗಂಡನನ್ನು ಏನೆಂದು ಕರೆಯಬೇಕೆಂಬುದು ನಮ್ಮ ವಾಳೆಗಳಲ್ಲಿ ಇನ್ನೂ ತೀರ್ಮಾನವಾಗಿಲ್ಲ.